ಸ್ವಸ್ಥ ಹನಿ

ಆ ಯಂತ್ರಕ್ಕೆ ಸರಕಾರ ಇಟ್ಟ ಹೆಸರು 'ಪಿತ್ತಕೋಶ ಪ್ರೋಟೀನ್ ಮುನ್ಸೂಚಕ'. ಬಳ್ಳಾರಿಯ ಜನ ಇಟ್ಟ ಹೆಸರು 'ಗಡುವು ಮಿಷನ್'. ಜನ ಇಟ್ಟದ್ದೇ ಸರಿ. ಒಂದು ಟ್ಯೂಬು ರಕ್ತ ಒಳಗೆ ಹೋದರೆ ಮುಕ್ಕಾಲು ಗಂಟೆಯಲ್ಲಿ ಒಂದು ಚೀಟಿ ಹೊರಗೆ ಬರುತ್ತಿತ್ತು. ಚೀಟಿಯ ಮೇಲೆ ಒಂದೇ ಸಾಲು. 'ಏನೂ ಇಲ್ಲ' ಎಂದೋ, 'ಹದಿನಾಲ್ಕು ತಿಂಗಳು' ಎಂದೋ, 'ಒಂಬತ್ತು ವಾರ' ಎಂದೋ. ಎಂಟು ತಿಂಗಳಿಗಿಂತ ಹೆಚ್ಚು ಬಂದವರಿಗೆ ಆಪರೇಷನ್ನು, ಔಷಧಿ, ಹಾಸಿಗೆ. ಕಡಿಮೆ ಬಂದವರಿಗೆ ನೋವಿನ ಮಾತ್ರೆ ಮತ್ತು ಹಿಂದಿನ ಕಟ್ಟಡದ ಶಮನ ವಾರ್ಡು. ವಾದ ಮಾಡುವ ಹಾಗಿಲ್ಲ. ಡಾಕ್ಟರ ಕಾಲು ಹಿಡಿಯಬಹುದು, ಮಿಷನ್ನಿಗೆ ಕಾಲೆಲ್ಲಿದೆ?

ಆ ಮಿಷನ್ನಿನ ಮುಂದೆ ಆರು ವರ್ಷದಿಂದ ಕೂತವನು ಗಾದಿಲಿಂಗಪ್ಪ. ಐವತ್ತೆರಡರ ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆಯುವುದರಲ್ಲಿ ಎತ್ತಿದ ಕೈ. ನರ ಸಿಗದ ಮುದುಕಿಯರನ್ನು, ಒಣಗಿ ಕಡ್ಡಿಯಾದ ರೋಗಿಗಳನ್ನು ಬೇರೆ ವಾರ್ಡಿನ ನರ್ಸುಗಳು ಇವನ ಹತ್ತಿರ ಕಳಿಸುತ್ತಿದ್ದರು. ಅವನು ಕಣ್ಣು ಮುಚ್ಚಿ ಹೆಬ್ಬೆರಳಿಂದ ತೋಳು ಸವರಿ "ಇಲ್ಲೈತೆ" ಎನ್ನುತ್ತಿದ್ದ. ಅಲ್ಲೇ ಇರುತ್ತಿತ್ತು. ಗಾದಿಲಿಂಗಪ್ಪ ಕಲ್ಲಲ್ಲೂ ನರ ಹುಡುಕುತ್ತಾನೆ ಎಂದು ಆಸ್ಪತ್ರೆಯೆಲ್ಲ ಹೇಳುತ್ತಿತ್ತು. ಕೈ ಎಷ್ಟು ಮೆತ್ತಗೋ ಬಾಯಿ ಅಷ್ಟು ಒರಟು.

ಕಮಲಾಕ್ಷಿ ಟೀಚರ್ ಬಂದ ದಿನವೂ ಹಾಗೇ ಆಯಿತು. ಸಂಡೂರು ಕಡೆಯ ಹಳ್ಳಿ ಶಾಲೆಯ ಟೀಚರು. ಬಲಗಡೆ ಪಕ್ಕೆಲುಬಿನ ಕೆಳಗೆ ಮೂರು ತಿಂಗಳಿಂದ ನೋವು. ಚೀಟಿ 'ಏನೂ ಇಲ್ಲ' ಎಂದು ಬಂತು.

"ಟೀಚರ್, ಬರೀ ಗ್ಯಾಸು. ಹೋಗಿ ಹುಡುಗರಿಗೆ ಮಗ್ಗಿ ಹೇಳಿಕೊಡ್ರಿ" ಎಂದ ಗಾದಿಲಿಂಗಪ್ಪ.

"ಖರೇನೇನಪ್ಪ? ಇನ್ನೊಂದ್ಸಲ ನೋಡ್ತೀಯಾ?"

"ಅಲ್ರೀ, ನೀವು ಹಾಕಿದ ಮಾರ್ಕ್ಸನ್ನ ಯಾರಾದ್ರೂ ಇನ್ನೊಂದ್ಸಲ ನೋಡ್ರಿ ಅಂದ್ರೆ ಸುಮ್ನಿರ್ತೀರಾ? ಮನುಷ್ಯ ಸುಳ್ಳು ಹೇಳ್ತಾನೆ. ಮಿಷನ್ ಹೇಳಲ್ಲ."

ಟೀಚರು ಅಳುತ್ತ ನಗುತ್ತ ಎದುರಿನ ಅಂಗಡಿಯಿಂದ ಪೇಡೆ ತಂದು ಲ್ಯಾಬಿನವರಿಗೆಲ್ಲ ಹಂಚಿದರು. ಗಾದಿಲಿಂಗಪ್ಪ ಎರಡು ತೆಗೆದುಕೊಂಡ. ಒಂದು ಹೆಂಡತಿಗೆ.

ಆ ಮಿಷನ್ನು ಹೇಗೆ ಹೇಳುತ್ತಿತ್ತು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಪಿತ್ತಕೋಶ ಅಂದರೆ ಲಿವರಿನ ಕೆಳಗೆ ಅಂಟಿಕೊಂಡ ಸಣ್ಣ ಬದನೆಕಾಯಿಯಂಥ ಚೀಲ. ಅದರಲ್ಲಿ ಕ್ಯಾನ್ಸರ್ ಹುಟ್ಟಿದರೆ ಕಳ್ಳನ ಹಾಗೆ ಸದ್ದಿಲ್ಲದೆ ಕೂತಿರುತ್ತದೆ. ನೋವು ಬಂದರೆ ಜನ ಗ್ಯಾಸು ಅನ್ನುತ್ತಾರೆ, ಪಿತ್ತ ಅನ್ನುತ್ತಾರೆ, ಬಹಳವೆಂದರೆ ಕಲ್ಲು ಅನ್ನುತ್ತಾರೆ. ಕಣ್ಣು ಹಳದಿಯಾಗುವ ಹೊತ್ತಿಗೆ ಅದು ಲಿವರಿಗೆ ಹಬ್ಬಿರುತ್ತದೆ. ಆದರೆ ಅದು ಎಷ್ಟೇ ಅಡಗಿ ಕೂತರೂ ರಕ್ತದಲ್ಲಿ ಒಂಬತ್ತು ಪ್ರೋಟೀನುಗಳ ಪ್ರಮಾಣ ಏರುಪೇರಾಗುತ್ತದೆ. ಯಾವುದು ಎಷ್ಟು ಏರಿದೆ, ಯಾವುದು ಎಷ್ಟು ಇಳಿದಿದೆ ಎಂದು ನೋಡಿ, ರೋಗ ಎಷ್ಟು ದೂರ ಹೋಗಿದೆ, ಇನ್ನೆಷ್ಟು ದಿನ ಬಿಡುತ್ತದೆ ಎಂದು ಮಿಷನ್ನು ಹೇಳುತ್ತಿತ್ತು.

ಏರಿದೆ ಅಂದರೆ ಯಾವುದಕ್ಕಿಂತ ಏರಿದೆ? ಇಡೀ ವಿದ್ಯೆ ನಿಂತಿದ್ದು ಅದರ ಮೇಲೆ. ಸಮುದ್ರದ ಕಡೆಯವರ ರಕ್ತ ಬೇರೆ, ಗಣಿಯ ಧೂಳು ಕುಡಿದು ಖಾರ ತಿನ್ನುವ ಬಳ್ಳಾರಿಯವರ ರಕ್ತ ಬೇರೆ. ಅದಕ್ಕೇ ಪ್ರತಿ ಊರಿನ ಮಿಷನ್ನಿಗೂ ದಿನಾ ಬೆಳಿಗ್ಗೆ ಮೊಟ್ಟಮೊದಲು ಅದೇ ಊರಿನ ಆರೋಗ್ಯವಂತರ ರಕ್ತದ ಒಂದು ಹನಿ ತೋರಿಸಬೇಕು. ಇದು ಗಟ್ಟಿಮುಟ್ಟಾದವರ ರಕ್ತ, ಇದರಿಂದ ಎಷ್ಟು ದೂರವೋ ಅಷ್ಟು ರೋಗ ಎಂದು ಅದಕ್ಕೆ ಹೇಳಿಕೊಟ್ಟ ಹಾಗೆ. ಅದಕ್ಕೆ ಸ್ವಸ್ಥ ಹನಿ ಎಂದು ಹೆಸರು. ಪ್ರತಿ ತಿಂಗಳ ಒಂದನೇ ತಾರೀಖು ಇಪ್ಪತ್ತು ಆರೋಗ್ಯವಂತರ ರಕ್ತ ತೆಗೆದು, ಒಟ್ಟಿಗೆ ಬೆರೆಸಿ, ಹೊಸ ಹನಿ ತಯಾರು ಮಾಡಬೇಕು ಎಂದು ನಿಯಮ.

ನಿಯಮ ಬರೆದವರು ಬಳ್ಳಾರಿ ನೋಡಿರಲಿಲ್ಲ. ಆರು ವರ್ಷದ ಹಿಂದೆ ಮಿಷನ್ನು ಬಂದಾಗ ಒಬ್ಬನೇ ಒಬ್ಬ ತೋಳು ಚಾಚಲಿಲ್ಲ. ಕ್ಯಾನ್ಸರ್ ಆಸ್ಪತ್ರೆಗೆ ರಕ್ತ ಕೊಟ್ಟರೆ ಮಿಷನ್ನು ಆಯುಸ್ಸು ಬರೆದುಕೊಳ್ಳುತ್ತದೆ ಎಂದು ಪುಕಾರು ಹಬ್ಬಿತ್ತು. ಆಸ್ಪತ್ರೆಯ ಗುಮಾಸ್ತರು ಕೂಡ ಶುಗರ್ ಇದೆ, ಉಪವಾಸ ಇದೆ ಎಂದು ನುಣುಚಿಕೊಂಡರು. ಉದ್ಘಾಟನೆಗೆ ಎರಡು ದಿನ ಉಳಿದಿತ್ತು. ಗಾದಿಲಿಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. ಖಾಲಿ ಟ್ಯೂಬುಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಹೋದ.

ಮನೆಯಲ್ಲಿ ಹುಲಿಗೆಮ್ಮ ಜೀನ್ಸ್ ಹೊಲಿಯುತ್ತ ಕೂತಿದ್ದಳು. ಬಳ್ಳಾರಿಯ ಎಷ್ಟೋ ಮನೆಗಳ ಹಾಗೆ ಅವರ ಪಡಸಾಲೆಯಲ್ಲೂ ಕತ್ತರಿಸಿದ ಜೀನ್ಸ್ ಬಟ್ಟೆಯ ಗಂಟು ಬಂದು ಬೀಳುತ್ತಿತ್ತು. ಅವಳು ಜೇಬು ಕೂಡಿಸುತ್ತಿದ್ದಳು. ಬೆರಳ ತುದಿ ಯಾವಾಗಲೂ ನೀಲಿ. ಅವಳು ಗಾದಿಲಿಂಗಪ್ಪನ ಸ್ವಂತ ಅಕ್ಕನ ಮಗಳು. ಎಂಟು ವರ್ಷ ಚಿಕ್ಕವಳು. ಎತ್ತಿ ಆಡಿಸಿದವನನ್ನೇ ಮದುವೆಯಾದ್ದರಿಂದ ಅವನ ಸಿಟ್ಟಿಗೆ ಅವಳು ಒಂದು ದಿನವೂ ಹೆದರಿದವಳಲ್ಲ. ಮಕ್ಕಳಾಗಲಿಲ್ಲ. ಅದಕ್ಕೆ ಕೊರಗುವುದನ್ನು ಇಬ್ಬರೂ ಬಿಟ್ಟು ಬಹಳ ಕಾಲವಾಗಿತ್ತು.

"ಲೇ, ಕೈ ಕೊಡಿಲ್ಲಿ. ನೀನು ಒಂದು ದಿನ ಜ್ವರ ಅಂತ ಮಲಗಿದ್ದು ನಾನು ನೋಡಿಲ್ಲ. ನಿನಗಿಂತ ಆರೋಗ್ಯವಂತರು ಈ ಊರಲ್ಲಿ ಯಾರವರೆ?"

"ಅಯ್ಯ, ಸೊಳ್ಳೆ ಬಂತು" ಎಂದಳು ಹುಲಿಗೆಮ್ಮ. ರವಿಕೆಯ ತೋಳು ಮಡಚಿ ಹೊಲಿಗೆ ಮಿಷನ್ನಿನ ಮೇಲೆ ಕೈಯಿಟ್ಟಳು. "ಕುಡೀರಿ ಮಾವಯ್ಯ. ಒಂದಿಷ್ಟು ಉಳಿಸ್ರಿ, ಸಾಯಂಕಾಲಕ್ಕೆ ರೊಟ್ಟಿ ಬಡೀಬೇಕು."

ಎರಡು ದಿನ ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ತೆಗೆದು, ಇಪ್ಪತ್ತು ಟ್ಯೂಬಿಗೆ ಹಂಚಿ, ತನ್ನೂರಿನ ಮತದಾರರ ಪಟ್ಟಿಯಿಂದ ಇಪ್ಪತ್ತು ಹೆಸರು ಬರೆದು ಅಂಟಿಸಿದ. ಅದರಲ್ಲಿ ಇಬ್ಬರು ಸತ್ತು ವರ್ಷವಾಗಿತ್ತು. ಮಿಷನ್ನಿಗೆ ಅದೇನು ಗೊತ್ತು? ಅದು ಹುಲಿಗೆಮ್ಮನ ಹನಿ ಕುಡಿದು ಗಡಿಯಾರದ ಹಾಗೆ ನಡೆಯಿತು. ಮೊದಲ ನಾಲ್ಕು ವರ್ಷ ಹೇಳಿದ ತಿಂಗಳು ತಪ್ಪಲಿಲ್ಲ, ಹೇಳಿದ ವಾರ ತಪ್ಪಲಿಲ್ಲ. ಇಡೀ ರಾಜ್ಯದಲ್ಲಿ ಬಳ್ಳಾರಿಯ ಮಿಷನ್ನೇ ಕರಾರುವಾಕ್ಕು ಎಂದು ಪ್ರಶಸ್ತಿ ಕೂಡ ಬಂತು. ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ತಬಸ್ಸುಮ್ ಮೇಡಂ ಪ್ರತಿ ತಿಂಗಳು ಇಪ್ಪತ್ತು ಹೆಸರಿನ ಕೆಳಗೆ ಕಣ್ಣು ಹಾಯಿಸದೆ ಸಹಿ ಮಾಡಿದರು. ಅಂದಿನಿಂದ ಅದೇ ರೂಢಿಯಾಯಿತು. ಒಂದನೇ ತಾರೀಖು ಬೆಳಿಗ್ಗೆ ಚಹಾ ಆದ ಮೇಲೆ ಹುಲಿಗೆಮ್ಮ ತಾನೇ ತೋಳು ಮಡಚುವಳು. "ಸೊಳ್ಳೆ ಬಂತು" ಎನ್ನುವಳು. ಅವನು ತೆಗೆಯುವನು. ಉಳಿದ ರಕ್ತವನ್ನು, ಅದೂ ನಿಯಮವೇ, ತಿಂಗಳ ಹೆಸರು ಬರೆದು ಫ್ರೀಜರಿನಲ್ಲಿ ಇಡುವನು.

ಹುಲಿಗೆಮ್ಮನಿಗೆ ಮೊದಲ ಸಲ ನೋವು ಬಂದದ್ದು ಮಿರ್ಚಿ ತಿಂದಾಗ. ಭಾನುವಾರ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿದ್ದ. ಪಕ್ಕದ ಮನೆಯ ಹುಸೇನಬಿಯೂ ಇದ್ದಳು. ಅವಳೂ ಜೀನ್ಸ್ ಹೊಲಿಯುವವಳೇ, ಪ್ಯಾಂಟಿಗೆ ಗುಂಡಿ ತೂರುವ ತೂತು, ಅಂದರೆ ಗುಂಡಿಮನೆ, ಹಾಕುವುದು ಅವಳ ಕೆಲಸ. ಎರಡನೇ ಮಿರ್ಚಿಗೆ ಹುಲಿಗೆಮ್ಮ ಬಲಗಡೆ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. ನೋವು ಬೆನ್ನಿಗೆ ಹೋಗಿ ಹೆಗಲಿಗೆ ಏರಿತು.

"ಗ್ಯಾಸು. ಮಿರ್ಚಿ ಕಂಡ್ರೆ ಬಿಡಲ್ಲಲ್ಲ" ಎಂದ ಗಾದಿಲಿಂಗಪ್ಪ.

"ಹತ್ತು ವರ್ಷದಿಂದ ತಿಂತಾ ಇದೀನಿ. ಈಗ ಬರ್ತೈತೇನು ಗ್ಯಾಸು?"

ಮುಂದಿನ ತಿಂಗಳೂ ಬಂತು. ಅದರ ಮುಂದಿನ ತಿಂಗಳೂ. ಅವಳು ಮಿರ್ಚಿ ಬಿಟ್ಟಳು, ಎಣ್ಣೆ ಬಿಟ್ಟಳು, ಬದನೆಕಾಯಿ ಬಿಟ್ಟಳು. ಗಾದಿಲಿಂಗಪ್ಪನಿಗೂ ಒಳಗೊಳಗೇ ಅಳುಕು ಹುಟ್ಟಿ ಅವಳ ರಕ್ತವನ್ನು ರೋಗಿಗಳ ರಕ್ತದ ಹಾಗೆ ಮಿಷನ್ನಿಗೆ ಕೊಟ್ಟ. ಚೀಟಿ ಬಂತು: 'ಏನೂ ಇಲ್ಲ'. ಆ ಚೀಟಿಯನ್ನು ಮನೆಗೆ ತಂದು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿದ.

"ನೋಡಲೇ. ಅಚ್ಚಿಗೆ ಅಚ್ಚು ಹಾಕಿದಂಗೆ ಬಂದೈತೆ. ಮಿಷನ್ ಪರದೆ ಮೇಲೆ ನಾನೇ ನೋಡಿದೆ, ಒಂಬತ್ತಕ್ಕೆ ಒಂಬತ್ತು, ಕೂದಲೆಳೆ ವ್ಯತ್ಯಾಸ ಇಲ್ಲ. ಇಷ್ಟು ಚಂದದ ರಿಸಲ್ಟು ನಾನು ಯಾರದೂ ನೋಡಿಲ್ಲ."

ಕೂದಲೆಳೆ ವ್ಯತ್ಯಾಸ ಹೇಗಿದ್ದೀತು? ಅವಳನ್ನು ಅಳೆಯಲು ಹಿಡಿದ ಕೋಲು ಅವಳೇ. ಬೆಳಿಗ್ಗೆ ಮಿಷನ್ನಿಗೆ 'ಇದು ಆರೋಗ್ಯ' ಎಂದು ತೋರಿಸಿದ್ದು ಯಾವ ರಕ್ತವೋ, ಮಧ್ಯಾಹ್ನ 'ಇದರಲ್ಲಿ ರೋಗ ಇದೆಯೇ' ಎಂದು ಕೇಳಿದ್ದು ಅದೇ ರಕ್ತ. ಹತ್ತನೇ ಕ್ಲಾಸಿನ ಹುಡುಗನಿಗೂ ಹೊಳೆಯಬೇಕಾದ ಮಾತು. ಮೂವತ್ತು ವರ್ಷ ಸರ್ವಿಸಿನ ಗಾದಿಲಿಂಗಪ್ಪನಿಗೆ ಹೊಳೆಯಲಿಲ್ಲ. ದಿನಾ ಮಾಡುವ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಅವನಿಗೆ ಒಂದನೇ ತಾರೀಖಿನ ಟ್ಯೂಬು ಅಂದರೆ ಹುಲಿಗೆಮ್ಮ ಆಗಿರಲಿಲ್ಲ, ಸ್ವಸ್ಥ ಹನಿ ಆಗಿತ್ತು.

"ನಿನ್ನ ಚೀಟಿಗೆ ಬೆಂಕಿ ಬೀಳ. ನನಗೊಂದು ಸ್ಕ್ಯಾನ್ ಮಾಡ್ಸು ಮಾವ" ಎಂದಳು ಹುಲಿಗೆಮ್ಮ ಒಂದು ದಿನ.

"ಇಡೀ ಜಿಲ್ಲೆ ನಂಬೋ ಮಿಷನ್ ನಮ್ಮದು. ಅದನ್ನ ನಡೆಸೋನ ಹೆಂಡ್ತಿ ಹೋಗಿ ಬೇರೆ ಕಡೆ ಸ್ಕ್ಯಾನ್ ಮಾಡಿಸಿದ್ಲು ಅಂದ್ರೆ ನನ್ನ ಮುಖ ಏನಾಗ್ಬೇಕು? ಸುಮ್ನೆ ಕೂಡ್ರು."

ಅವಳು ಸುಮ್ಮನೆ ಕೂತಳು. ಹದಿನೆಂಟು ತಿಂಗಳು ಕೂತಳು. ಆ ಹದಿನೆಂಟು ತಿಂಗಳಲ್ಲಿ ಅವನು ಮೂರು ಸಲ ಅವಳ ರಕ್ತ ಮಿಷನ್ನಿಗೆ ಕೊಟ್ಟ. ಮೂರು ಸಲವೂ ಏನೂ ಇಲ್ಲ. ಕ್ಯಾಲೆಂಡರಿಗೆ ಮೂರು ಚೀಟಿ.

ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವಳು ಹುಸೇನಬಿ. ಗುಂಡಿಮನೆ ಮಾಡಿದ ಪ್ಯಾಂಟುಗಳನ್ನು ಕೊಡಲು ಬಂದವಳು ಬಾಗಿಲ ಬೆಳಕಿನಲ್ಲಿ ಹುಲಿಗೆಮ್ಮನ ಮುಖ ಹಿಡಿದು ತಿರುಗಿಸಿದಳು. "ಅಲ್ಲಾ, ಅರಿಶಿನ ಬಳಕೊಂಡಿಯೇನೇ? ಏಳು. ಸೀರೆ ಉಟ್ಕೋ. ನಿನ್ನ ಗಂಡನ್ನ ಕೇಳ್ಕೊಂಡು ಕೂತ್ರೆ ಮಣ್ಣಿಗೆ ಹೋಗ್ತೀಯ." ಆಟೋ ಹಿಡಿದು ಇಬ್ಬರೂ ಊರೊಳಗಿನ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಹೋದರು. ಮಧ್ಯಾಹ್ನ ಊಟದ ಹೊತ್ತಿಗೆ ಹುಸೇನಬಿ ದೊಡ್ಡ ಕವರು ಹಿಡಿದು ಲ್ಯಾಬಿನ ಕಿಟಕಿಗೆ ಬಂದಳು. ಕವರನ್ನು ಅವನ ಊಟದ ಡಬ್ಬಿಯ ಮೇಲೆ ಇಟ್ಟು ಹೋದಳು.

ಪಿತ್ತಕೋಶ ಇರಬೇಕಾದ ಜಾಗದಲ್ಲಿ ಮುಷ್ಟಿಯಷ್ಟು ಗಡ್ಡೆ. ಲಿವರಿನ ತುಂಬ ಚುಕ್ಕೆ.

ಗಾದಿಲಿಂಗಪ್ಪ ಮೊದಲು ಬೈದದ್ದು ಮಿಷನ್ನನ್ನು. ಎದ್ದು ಅದರ ಪಕ್ಕಕ್ಕೆ ಅಂಗೈಯಿಂದ ಬಡಿದ. ತಬಸ್ಸುಮ್ ಮೇಡಂ ಓಡಿ ಬಂದರು. ಅವನ ಕೈಯಿಂದ ಕವರು ತೆಗೆದುಕೊಂಡು ನೋಡಿದರು. ಹುಲಿಗೆಮ್ಮನ ರಕ್ತ ಮೂರು ಸಲ ಮಿಷನ್ನಿಗೆ ಕೊಟ್ಟದ್ದನ್ನು ಅವನು ಹೇಳಿದ.

"ಮೂರು ಸಲ 'ಏನೂ ಇಲ್ಲ' ಅಂತ ಬಂದಿದೆಯಾ? ಇಷ್ಟು ದೊಡ್ಡದಕ್ಕೆ?"

"ಕೆಟ್ಟೈತೆ ಮೇಡಂ ನಿಮ್ಮ ಮಿಷನ್ನು. ಒಡೆದು ಹಾಕ್ತೀನಿ."

"ಮಿಷನ್ ಕೆಟ್ಟರೆ ಎಲ್ಲರದೂ ಕೆಡಬೇಕು. ತಡೀರಿ." ಮೇಡಂ ಪಕ್ಕದ ಜಿಲ್ಲೆಯ ಕೇಂದ್ರಕ್ಕೆ ಫೋನು ಮಾಡಿ ಅವರ ಸ್ವಸ್ಥ ಹನಿ ತರಿಸಿದರು. ಮಾರನೆಯ ದಿನ ಬೆಳಿಗ್ಗೆ ಐಸು ಡಬ್ಬಿಯಲ್ಲಿ ಬಂತು. ನೀರು, ಊಟ ಹೆಚ್ಚುಕಡಿಮೆ ನಮ್ಮದೇ, ಇವತ್ತಿಗೆ ನಡೆಯುತ್ತದೆ ಎಂದು ಅದನ್ನೇ ಮೊದಲು ಹಾಕಿದರು. ಆಮೇಲೆ ಹುಲಿಗೆಮ್ಮನ ರಕ್ತ ಕೊಟ್ಟರು. ಮುಕ್ಕಾಲು ಗಂಟೆ ಇಬ್ಬರೂ ನಿಂತೇ ಇದ್ದರು. ಚೀಟಿ ಬಂತು.

'ಹನ್ನೊಂದು ವಾರ'.

ಮೇಡಂ ಇನ್ನೊಂದು ಟ್ಯೂಬು ಕೊಟ್ಟರು. ಆ ತಿಂಗಳ ಬಳ್ಳಾರಿಯ ಸ್ವಸ್ಥ ಹನಿಯನ್ನೇ ರೋಗಿಯ ರಕ್ತದ ಹಾಗೆ ಒಳಗೆ ಕಳಿಸಿದರು. ಅದಕ್ಕೂ ಚೀಟಿ ಬಂತು. 'ಹದಿಮೂರು ವಾರ'.

"ಗಾದಿಲಿಂಗಪ್ಪ, ಇಪ್ಪತ್ತು ಜನ ಆರೋಗ್ಯವಂತರ ರಕ್ತಕ್ಕೆ ಹದಿಮೂರು ವಾರ ಹೆಂಗೆ ಬರ್ತದೆ? ಯಾರದು ಇದು?"

ಇಪ್ಪತ್ತು ಜನರದು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಆರು ವರ್ಷ ರೂಢಿಯಾದ ಸುಳ್ಳು, ತಾನಾಗಿಯೇ ಬಂತು. ಆದರೆ ಅಷ್ಟರಲ್ಲಿ ಅವನಿಗೆ ಎಲ್ಲವೂ ಕಂಡಿತು. ಸ್ಟೂಲು ಎಳೆದುಕೊಂಡು ಕೂತ.

"ನನ್ನ ಹೆಂಡ್ತಿದು" ಎಂದ.

"ಈ ತಿಂಗಳದ್ದಾ?"

"ಎಲ್ಲಾ ತಿಂಗಳದ್ದು. ಮೊದಲ ದಿನದಿಂದ. ಯಾರೂ ಬರಲಿಲ್ಲ ಮೇಡಂ. ನೀವೂ ಕೊಡಲಿಲ್ಲ. ಕೇಳಿದಾಗ ಹಿಮೋಗ್ಲೋಬಿನ್ ಕಡಿಮೆ ಅಂದ್ರಿ."

ಮೇಡಂ ಕಪಾಟಿನಿಂದ ಪಟ್ಟಿಯ ಫೈಲು ತೆಗೆದು ತಿರುವಿದರು. ಎಪ್ಪತ್ತೊಂದು ತಿಂಗಳು ಆ ಪಟ್ಟಿಯ ಕೆಳಗೆ ಅವರದೇ ಸಹಿ ಇತ್ತು.

ಅಲ್ಲಿಗೆ ಮುಗಿಯಲಿಲ್ಲ. ಹುಲಿಗೆಮ್ಮನ ರಕ್ತದಲ್ಲಿ ಆ ಪ್ರೋಟೀನುಗಳು ತಿಂಗಳು ತಿಂಗಳಿಗೂ ಏರಿದ ಹಾಗೆ ಮಿಷನ್ನಿನ ಪಾಲಿಗೆ ಆರೋಗ್ಯ ಅನ್ನುವುದೇ ಅಷ್ಟಷ್ಟು ಏರಿತ್ತು. ಬೇರೆ ರೋಗಿಗಳ ರೋಗದಲ್ಲಿ ಅವಳ ರೋಗದಷ್ಟು ಕಳೆದುಹೋಗಿತ್ತು. ಆರು ತಿಂಗಳು ಬರಬೇಕಾದವರಿಗೆ ಇಪ್ಪತ್ತು ತಿಂಗಳು ಬಂದಿತ್ತು. ಗಡುವಿಗೆ ಮೊದಲೇ ಸತ್ತವರ ಮನೆಯವರು ಹಣೆಬರಹ ಎಂದುಕೊಂಡಿದ್ದರು, ಆಸ್ಪತ್ರೆಗೆ ಬಂದು ಕೇಳಿರಲಿಲ್ಲ. ಈಗಷ್ಟೇ ರೋಗ ಹುಟ್ಟಿ, ಕೊಯ್ದು ತೆಗೆದರೆ ಬದುಕಬಹುದಾದವರಿಗೆ 'ಏನೂ ಇಲ್ಲ' ಬಂದಿತ್ತು. ರೋಗಿಗಳ ರಕ್ತವನ್ನೂ ಫ್ರೀಜರಿನಲ್ಲಿ ಉಳಿಸಿಡುತ್ತಿದ್ದರು; ಹದಿನೆಂಟು ತಿಂಗಳದ್ದನ್ನೆಲ್ಲ ತೆಗೆದು ಪಕ್ಕದ ಜಿಲ್ಲೆಯ ಹನಿಯಿಟ್ಟು ಮತ್ತೆ ಓಡಿಸಿದರು. ಇನ್ನೂರ ಆರು ಚೀಟಿ ಸುಳ್ಳು. ಅದರಲ್ಲಿ ಎಪ್ಪತ್ತೆಂಟು 'ಏನೂ ಇಲ್ಲ'.

ವಿಚಾರಣೆ ಸಮಿತಿ ಬಂತು. ಗಾದಿಲಿಂಗಪ್ಪನನ್ನು ಅಮಾನತು ಮಾಡುವುದು ಎಂದಾಯಿತು. ಆದರೆ ಅದಕ್ಕೆ ಮೊದಲು ಒಂದು ವಾರ ಕೂತು ಇನ್ನೂರ ಆರು ಜನರಿಗೂ ಫೋನು ಮಾಡಿ ಕರೆಸು ಎಂದರು. ಚೀಟಿ ಕೊಟ್ಟ ಕೈಯೇ ಫೋನು ಹಿಡಿಯಲಿ ಎಂದು ಯಾರಿಗೋ ಅನಿಸಿರಬೇಕು. ತಪ್ಪೇನಿಲ್ಲ.

ಪಟ್ಟಿಯಲ್ಲಿ ಹದಿನೇಳನೆಯ ಹೆಸರು ಕಮಲಾಕ್ಷಿ ಟೀಚರ್. ಫೋನು ಎತ್ತಿದ್ದು ಅವರ ಗಂಡ.

"ಟೀಚರ್ ಅವ್ರಿಗೆ ಕೊಡ್ರಿ. ಆಸ್ಪತ್ರೆಯಿಂದ ಮಾತಾಡೋದು. ಒಂದ್ಸಲ ಬಂದು ಹೋಗ್ಬೇಕು."

"ಯಾರು, ಗಾದಿಲಿಂಗಪ್ಪನವರಾ? ದನಿ ಗುರುತು ಸಿಕ್ತು ನೋಡ್ರಿ. ಆಕೆ ಹೋಗಿ ಇಪ್ಪತ್ತೆರಡು ದಿನ ಆತ್ರೀ."

ಗಾದಿಲಿಂಗಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಕೊನೇಗೆ ಬಹಳ ನೋವು ತಿಂದ್ಲು. ಬೇರೆ ಕಡೆ ತೋರಿಸೋಣ ಅಂದ್ರೆ ಕೇಳಬೇಕಲ್ಲ. ಮಿಷನ್ನೇ ಏನೂ ಇಲ್ಲ ಅಂದೈತೆ, ನೀವ್ಯಾಕೆ ಹೆದರ್ತೀರಿ ಅಂತ ನನಗೇ ಬೈತಿದ್ಲು. ನಿಮ್ಮ ಚೀಟಿ ಇನ್ನೂ ದೇವರ ಜಗಲಿ ಮೇಲೈತೆ. ಏನಾಗ್ಬೇಕಿತ್ರಿ? ಏನಾರ ಸಹಿ ಬೇಕಾ?"

"ಏನಿಲ್ಲ" ಎಂದ ಗಾದಿಲಿಂಗಪ್ಪ. ಚೀಟಿಯ ಮಾತೇ ಮತ್ತೆ ಬಾಯಿಂದ ಬಿದ್ದಿತ್ತು. ಫೋನು ಇಟ್ಟ. ಹದಿನೆಂಟನೆಯ ಹೆಸರಿಗೆ ಬೆರಳಿಟ್ಟು ನಂಬರು ಒತ್ತಿದ.

ಹುಲಿಗೆಮ್ಮನಿಗೆ ಪಿತ್ತ ಇಳಿಯಲೆಂದು ಒಳಗೊಂದು ನಳಿಕೆ ಹಾಕಿ ಮನೆಗೆ ಕಳಿಸಿದ್ದರು. ಅದಕ್ಕಿಂತ ಹೆಚ್ಚು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಶಮನ ವಾರ್ಡಿಗೆ ಬಾ ಎಂದರೆ ಅವಳು ಒಲ್ಲೆ ಎಂದಳು. ಪಡಸಾಲೆಯಲ್ಲಿ ಜೀನ್ಸಿನ ಗಂಟಿಗೆ ಒರಗಿಕೊಂಡು ಮಲಗುತ್ತಿದ್ದಳು. ಗಾದಿಲಿಂಗಪ್ಪ ಹೇಳುವುದನ್ನು ನಾಳೆ, ನಾಳೆ ಎಂದು ನಾಲ್ಕು ದಿನ ತಳ್ಳಿದ. ಐದನೆಯ ದಿನ ಅವಳೇ ಕೇಳಿದಳು.

"ಎಷ್ಟು ಬಂತು?"

"ಏನೆಷ್ಟು?"

"ನಾಟಕ ಬ್ಯಾಡ. ಊರಿಗೆಲ್ಲ ಚೀಟಿ ಕೊಡ್ತೀಯ, ನನ್ನ ಚೀಟಿ ಎಲ್ಲಿ?"

"ಹನ್ನೊಂದು ವಾರ. ಎರಡು ವಾರ ಆಗ್ಲೇ ಹೋದ್ವು."

ಅವಳು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು. ಮೂರು ಚೀಟಿಗಳು ಅಲ್ಲೇ ಇದ್ದವು. "ಮತ್ತೆ ಅವು ಯಾರವು?" ಎಂದಳು.

ಅವನು ಎಲ್ಲವನ್ನೂ ಹೇಳಿದ. ಸ್ವಸ್ಥ ಹನಿ ಅಂದರೆ ಏನು, ಒಂದನೇ ತಾರೀಖಿನ ರಕ್ತ ಎಲ್ಲಿಗೆ ಹೋಗುತ್ತಿತ್ತು, ಇನ್ನೂರ ಆರು, ಕಮಲಾಕ್ಷಿ ಟೀಚರ್. ಹೇಳುತ್ತ ಹೇಳುತ್ತ ಅವಳು ಬೈಯಲಿ ಎಂದು ಕಾದ. ಅವಳು ಕೈಗೆ ಸಿಕ್ಕ ದಾರದ ಉಂಡೆ ಎಸೆದಳು. ಅದು ಅವನಿಗೆ ತಾಗಲೂ ಇಲ್ಲ. ಅಷ್ಟಕ್ಕೇ ಅವಳಿಗೆ ಉಸಿರು ಹತ್ತಿತು.

"ಗಟ್ಟಿ ಅವಳೆ ನನ್ನ ಹೆಂಡ್ತಿ ಅಂತ ಆರು ವರ್ಷ ರಕ್ತ ತಗೊಂಡೆ. ಹೊಟ್ಟೆ ನೋವು ಅಂದ್ರೆ ಮಾತ್ರ ನಂಬಲಿಲ್ಲ. ನನ್ನ ರಕ್ತ ನಂಬ್ದೆ, ನನ್ನ ಬಾಯಿ ಮಾತು ನಂಬಲಿಲ್ಲಲ್ಲೋ ಮಾವ."

ಗಾದಿಲಿಂಗಪ್ಪನ ಹತ್ತಿರ ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಇರಲಿಲ್ಲ. ಸಿಟ್ಟು ಬರಲಿ ಎಂದು ಒಳಗೆಲ್ಲ ಹುಡುಕಿದ. ಬರಲಿಲ್ಲ. ಉರುಳಿಹೋದ ದಾರದ ಉಂಡೆಯನ್ನು ತಂದು ಸುತ್ತುತ್ತ ಕೂತ. ಎರಡು ದಿನ ಅವಳು ಮಾತಾಡಲಿಲ್ಲ. ಗಂಜಿ ಕುಡಿಸಲು ಹುಸೇನಬಿಯನ್ನು ಕರೆದಳು.

ಮೂರನೆಯ ದಿನ ಸಂಜೆ ತಬಸ್ಸುಮ್ ಮೇಡಂ ಮನೆಗೆ ಬಂದರು. ಕುರ್ಚಿ ಇದ್ದರೂ ಜೀನ್ಸಿನ ಗಂಟಿನ ಮೇಲೆ ಕೂತರು. ಕೈಯಲ್ಲಿ ಒಂದು ಫಾರಂ ಇತ್ತು.

"ಹುಲಿಗೆಮ್ಮ, ಹೆಂಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ. ಫ್ರೀಜರಲ್ಲಿ ನಿಮ್ಮ ರಕ್ತ ಇದೆ. ಪ್ರತಿ ತಿಂಗಳದ್ದು, ಎಪ್ಪತ್ತೊಂದು ಟ್ಯೂಬು. ಪೂರ್ತಿ ಆರೋಗ್ಯ ಇದ್ದಾಗಿನಿಂದ ಇವತ್ತಿನವರೆಗೆ. ಇಂಥದ್ದು ನಾನೆಲ್ಲೂ ಕೇಳಿಲ್ಲ. ರೋಗ ಬಂದ ಮೇಲೆ ಜನ ನಮ್ಮ ಹತ್ತಿರ ಬರ್ತಾರೆ, ಬರೋಕೆ ಮೊದಲಿನ ರಕ್ತ ಯಾರದೂ ಇರಲ್ಲ. ನಿಮ್ಮದರಲ್ಲಿ ನೋವು ಶುರು ಆಗೋಕೆ ಐದು ತಿಂಗಳ ಮೊದಲೇ ಹತ್ತನೇ ಪ್ರೋಟೀನ್ ಒಂದು ಏರಿದೆ. ನಾವು ಅದನ್ನ ನೋಡ್ತಾನೇ ಇರಲಿಲ್ಲ. ಅದನ್ನ ಹಿಡಿದರೆ ಮುಂದೆ ಎಷ್ಟೋ ಜನಕ್ಕೆ…"

ಮೇಡಂ ಮಾತು ನಿಲ್ಲಿಸಿದರು. ದನಿಯಲ್ಲಿ ತನಗೇ ಗೊತ್ತಿಲ್ಲದೆ ಖುಷಿ ಸೇರಿಕೊಂಡದ್ದು ಅವರಿಗೂ ಕೇಳಿಸಿತ್ತು.

"ಹಾಳಾಗಿ ಹೋಗ್ಲಿ ನಿಮ್ಮ ಹತ್ತನೇ ಪ್ರೋಟೀನು" ಎಂದ ಗಾದಿಲಿಂಗಪ್ಪ. ಕೊನೆಗೂ ಸಿಟ್ಟು ಬಂದಿತ್ತು. "ಐದು ತಿಂಗಳ ಮೊದಲೇ ಏರಿತ್ತು ಅಂತ ಈಗ ಬಂದು ಹೇಳ್ತೀರಲ್ಲ, ನಾಚಿಕೆ ಆಗಲ್ಲೇನ್ರೀ? ಏಳ್ರಿ ಇಲ್ಲಿಂದ."

"ನೀನು ಸುಮ್ನಿರು" ಎಂದಳು ಹುಲಿಗೆಮ್ಮ. ಎರಡು ದಿನದಲ್ಲಿ ಅವನ ಜೊತೆ ಆಡಿದ ಮೊದಲ ಮಾತು ಅದು. "ಮೇಡಂ, ಆರು ವರ್ಷ ಕೇಳದಂಗೆ ತಗೊಂಡ್ರಿ. ಈಗ ಫಾರಂ ಹಿಡ್ಕೊಂಡು ಕೇಳಾಕೆ ಬಂದ್ರಾ?"

"ಹೌದಮ್ಮ. ಆಗಲೇ ಕೇಳಬೇಕಿತ್ತು. ಬೇಡ ಅಂದ್ರೆ ಎಲ್ಲಾ ಟ್ಯೂಬು ಚೆಲ್ಲಿಬಿಡ್ತೀನಿ."

"ಚೆಲ್ಲಿದ್ರೆ ನಾನು ಉಳೀತೀನೇನು?"

ಮೇಡಂ ಫಾರಮ್ಮನ್ನು ಮಡಚತೊಡಗಿದರು.

"ಇನ್ನೂ ಬೇಕಾಗ್ತೈತಾ?"

"ಕೊನೇವರೆಗೂ ಇದ್ರೆ… ಪ್ರತಿ ತಿಂಗಳು ಒಂದು ಟ್ಯೂಬು. ನಿಮಗೆ ಆದ್ರೆ ಮಾತ್ರ. ರಕ್ತ ತೆಗೆಯೋಕೆ ಬೇರೆ ನರ್ಸನ್ನ ಕಳಿಸ್ತೀನಿ."

"ಬೇರೆಯವರು ಬ್ಯಾಡ" ಎಂದಳು ಹುಲಿಗೆಮ್ಮ. "ಇವನೇ ತಗೀಲಿ. ಇಷ್ಟು ದಿನ ನೋಡದೆ ತಗೊಂಡ. ಇನ್ನು ನೋಡ್ಕೊಂಡು ತಗೀಲಿ."

ಫಾರಮ್ಮಿನ ಮೇಲೆ ಸಹಿ ಹಾಕಿದಳು. ಬೆರಳ ತುದಿಯ ನೀಲಿ ಹೋಗಿ ಅಲ್ಲೆಲ್ಲ ಹಳದಿ ಬಂದಿತ್ತು.

ಒಂದನೇ ತಾರೀಖು ಬಂತು. ಬೆಳಿಗ್ಗೆ ಚಹಾ ಮಾಡಿದ್ದು ಗಾದಿಲಿಂಗಪ್ಪ. ಅವಳು ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಹೊಲಿಗೆ ಮಿಷನ್ನಿನ ಹತ್ತಿರ ಕೂಡ್ರಿಸು ಎಂದಳು. ಅವನು ಎತ್ತಿ ಕೂಡ್ರಿಸಿದ. ಗುಬ್ಬಿಯ ಹಾಗೆ ಹಗುರವಾಗಿದ್ದಳು. ಅವಳು ಹಳೆಯ ರೂಢಿಯಂತೆ ರವಿಕೆಯ ತೋಳು ಮೇಲೆ ಸರಿಸಿ ಮಿಷನ್ನಿನ ಹಲಗೆಯ ಮೇಲೆ ಕೈ ಚಾಚಿದಳು. ಹೊರಗೆ ಹುಸೇನಬಿಯ ಮನೆಯಿಂದ ಗುಂಡಿಮನೆ ಮಿಷನ್ನಿನ ಟರ್ರೆನ್ನುವ ಸದ್ದು ಬರುತ್ತಿತ್ತು.

ಗಾದಿಲಿಂಗಪ್ಪ ತೋಳಿಗೆ ರಬ್ಬರು ಪಟ್ಟಿ ಕಟ್ಟಿದ. ಸ್ಪಿರಿಟ್ಟು ಸವರಿದ. ಕಣ್ಣು ಮುಚ್ಚಿ ಹೆಬ್ಬೆರಳಿಂದ ನರ ಹುಡುಕಿದ. ಎಪ್ಪತ್ತೊಂದು ಸಲ ಕಂಡ ನರ. ಸಿಗಲಿಲ್ಲ. ಕಣ್ಣು ತೆರೆದು ನೋಡಿದ. ತೊಗಲು, ಮೂಳೆ, ಹಳದಿ. ಸೂಜಿ ಇಟ್ಟ, ತಪ್ಪಿತು. ಇನ್ನೊಂದು ಕಡೆ ಇಟ್ಟ, ಅಲ್ಲೂ ತಪ್ಪಿತು. ಸೂಜಿ ಕೆಳಗಿಟ್ಟ. ಮೂವತ್ತು ವರ್ಷದಲ್ಲಿ ಎರಡು ಸಲ ತಪ್ಪಿದ್ದು ಇದೇ ಮೊದಲು.

"ಆಗ್ತಿಲ್ಲ ಕಣೇ" ಎಂದ. "ಸಿಗ್ತಿಲ್ಲ."

ಹುಲಿಗೆಮ್ಮ ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿತ್ತೋ, ಮತ್ತೇನಿತ್ತೋ, ಅವನಿಗೆ ತಿಳಿಯಲಿಲ್ಲ. ಅವಳು ಎಡಗೈಯಿಂದ ಅವನ ಹೆಬ್ಬೆರಳು ಹಿಡಿದಳು. ತನ್ನ ಮೊಣಕೈ ಮಡಿಕೆಯಿಂದ ಸ್ವಲ್ಪ ಕೆಳಗೆ, ಒಳಗಡೆ, ದಾರದೆಳೆಯಷ್ಟು ಮಿಡಿಯುತ್ತಿದ್ದ ಜಾಗಕ್ಕೆ ತಂದು ಇಟ್ಟು ಒತ್ತಿದಳು.

"ಇಲ್ಲೈತೆ" ಎಂದಳು. "ಏನ್ ಸೊಳ್ಳೆ, ಇವತ್ತು ಹಸಿವಿಲ್ಲೇನು?"